ಆಸ್ಪತ್ರೆಯಲ್ಲಿ ಮಡಿದವರನ್ನೂ ಹೆಸರಿಟ್ಟು ನೆನೆಯೋಣ: ಕನ್ನಡಿಗರಲ್ಲಿ ಒಂದು ಮನವಿ



ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್ ನಗರದ ಹೊರಗೆ, ಪ್ಯಾಚಮ್ ಹಳ್ಳಿಯ ಮೇಲಿನ ಹುಲ್ಲುಗುಡ್ಡದಲ್ಲಿ, ಎಂಟು ಕಂಬಗಳ ಮೇಲೆ ನಿಂತ ಬಿಳಿ ಅಮೃತಶಿಲೆಯ ಮಂಟಪವೊಂದಿದೆ. ಅಲ್ಲಿಯವರೂ ಅದನ್ನು ‘ಛತ್ರಿ’ ಎಂದೇ ಕರೆಯುತ್ತಾರೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರೈಟನ್ನಿನ ಸೇನಾ ಆಸ್ಪತ್ರೆಗಳಲ್ಲಿ ಕೊನೆಯುಸಿರೆಳೆದ 53 ಮಂದಿ ಹಿಂದೂ ಮತ್ತು ಸಿಖ್ಖರ ಚಿತೆಗಳು ಉರಿದದ್ದು ಆ ನೆಲದಲ್ಲಿ. 1921ರ ಫೆಬ್ರವರಿ 1ರಂದು ಆಗಿನ ವೇಲ್ಸ್ ರಾಜಕುಮಾರ ಸ್ಮಾರಕವನ್ನು ಅನಾವರಣ ಮಾಡಿದರು. ಆದರೆ ಆ 53 ಜನರ ಹೆಸರುಗಳು ಅಲ್ಲಿ ಕಲ್ಲಿಗೇರಿದ್ದು 2010ರಲ್ಲಿ. ಸ್ಮಾರಕ ಎದ್ದು ಎಂಬತ್ತೊಂಬತ್ತು ವರ್ಷ ಕಳೆದ ಮೇಲೆ.

ಆ ಎಂಬತ್ತೊಂಬತ್ತು ವರ್ಷಗಳ ವಿಳಂಬವೇ ಈ ಮನವಿಗೆ ಕಾರಣ. ರಣರಂಗದಲ್ಲಿ ಬಿದ್ದವರನ್ನು ನೆನೆಯುವ ರೂಢಿ ನಮ್ಮಲ್ಲಿದೆ. ಆಸ್ಪತ್ರೆಯ ಹಾಸಿಗೆಯಲ್ಲಿ ತೀರಿಕೊಂಡ ಸೈನಿಕರನ್ನು, ಅವರ ಸೇವೆ ಮಾಡುತ್ತಲೇ ಸತ್ತ ಡ್ರೆಸರ್, ಅಡುಗೆಯವ, ನೀರು ಹೊರುವವ, ಜಾಡಮಾಲಿಯನ್ನು ನೆನೆಯುವ ರೂಢಿ ಇನ್ನೂ ಬೆಳೆದಿಲ್ಲ. ಅದನ್ನು ಬೆಳೆಸಲು ನೀವು ಕೈಜೋಡಿಸಬೇಕೆಂದು ಕೇಳಿಕೊಳ್ಳುತ್ತೇನೆ.

1914ರ ಶರತ್ಕಾಲದಲ್ಲಿ ಲಾಹೋರ್ ಮತ್ತು ಮೀರತ್ ಡಿವಿಷನ್‌ಗಳ ಭಾರತೀಯ ಸಿಪಾಯಿಗಳು ಫ್ರಾನ್ಸಿನ ಮಾರ್ಸೇಲ್ ಬಂದರಿನಲ್ಲಿ ಇಳಿದರು. ಕೆಲವೇ ವಾರಗಳಲ್ಲಿ ಅವರು ಬೆಲ್ಜಿಯಂ, ಫ್ರಾನ್ಸಿನ ಕೆಸರುಗುಂಡಿಗಳಲ್ಲಿ ಜರ್ಮನ್ ಫಿರಂಗಿಗಳಿಗೆ ಎದೆಯೊಡ್ಡಿ ನಿಂತಿದ್ದರು. ಆ ಚಳಿ ಅವರು ಕಂಡರಿಯದ್ದು. ಗಾಯಾಳುಗಳನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಸಾಗಿಸಿ, ಬ್ರೈಟನ್ನಿನ ರಾಯಲ್ ಪೆವಿಲಿಯನ್ ಅರಮನೆಯನ್ನೇ ಆಸ್ಪತ್ರೆ ಮಾಡಲಾಯಿತು. ನಾಲ್ಕನೇ ಜಾರ್ಜ್‌ಗಾಗಿ ಕಟ್ಟಿಸಿದ, ಗುಮ್ಮಟಗಳಿಂದ ತುಂಬಿದ ಆ ಅರಮನೆ ಮತ್ತು ಪಕ್ಕದ ‘ಡೋಮ್’ ಸೇರಿ ಏಳುನೂರಕ್ಕೂ ಹೆಚ್ಚು ಹಾಸಿಗೆಗಳಿದ್ದವು. ಊರಿನ ಶಾಲೆಯೊಂದು, ಬಡವರ ವರ್ಕ್‌ಹೌಸ್ ಕೂಡ ಭಾರತೀಯರ ಆಸ್ಪತ್ರೆಗಳಾದವು. ಸುಮಾರು ಹನ್ನೆರಡು ಸಾವಿರ ಭಾರತೀಯರು ಬ್ರೈಟನ್ನಿನಲ್ಲಿ ಚಿಕಿತ್ಸೆ ಪಡೆದರೆಂದು ಲೆಕ್ಕ.

ಪೆವಿಲಿಯನ್ನಿನಲ್ಲಿ ಒಂಬತ್ತು ಅಡುಗೆಮನೆಗಳಿದ್ದವು. ಹಿಂದೂಗಳಿಗೆ, ಮುಸ್ಲಿಮರಿಗೆ ನೀರಿನ ನಲ್ಲಿಗಳೂ ಬೇರೆ ಬೇರೆ. ಸೂಚನಾ ಫಲಕಗಳನ್ನು ಉರ್ದು, ಹಿಂದಿ, ಗುರುಮುಖಿಯಲ್ಲಿ ಬರೆಸಿದ್ದರು. ಈ ಏರ್ಪಾಡಿನ ಫೋಟೋಗಳು ದೇಶ ದೇಶಗಳಲ್ಲಿ ಹಂಚಿಹೋದವು. ಸಾಮ್ರಾಜ್ಯ ತನ್ನ ಸಿಪಾಯಿಗಳನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತದೆ ಎಂದು ತೋರಿಸುವುದೂ ಅಧಿಕಾರಿಗಳ ಉದ್ದೇಶವಾಗಿತ್ತು. ಫೋಟೋಗಳು ಉಳಿದವು. ಅದೇ ಆಸ್ಪತ್ರೆಗಳಲ್ಲಿ ಸತ್ತವರ ಹೆಸರು ಮಾತ್ರ ಗುಡ್ಡದ ಮೇಲಿನ ಕಲ್ಲಿಗೆ ಬರಲು ಸುಮಾರು ಒಂದು ಶತಮಾನವೇ ಬೇಕಾಯಿತು.

ಛತ್ರಿ ಕಟ್ಟಬೇಕೆಂಬ ಮಾತನ್ನು 1915ರಲ್ಲಿ ಮೊದಲು ಎತ್ತಿದವರು ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಲೆಫ್ಟಿನೆಂಟ್ ದಾಸ್ ಗುಪ್ತ, ಅಂದರೆ ಆಸ್ಪತ್ರೆಯ ಒಳಗಿನವರೇ. ಬ್ರೈಟನ್ನಿನ ಮೇಯರ್ ಸರ್ ಜಾನ್ ಆಟರ್ ಅದಕ್ಕೆ ಬೆಂಬಲವಾಗಿ ನಿಂತರು. ನಕ್ಷೆ ಬರೆದವರು ಬೊಂಬಾಯಿಯ ತರುಣ ವಾಸ್ತುಶಿಲ್ಪಿ ಇ.ಸಿ. ಹೆನ್ರಿಕ್ಸ್. ಚಿತೆ ಒಟ್ಟುತ್ತಿದ್ದ ಕಾಂಕ್ರೀಟ್ ಹಾಸುಗಳ ಮೇಲೆ ಈಗ ಗ್ರಾನೈಟ್ ಚಪ್ಪಡಿಗಳಿವೆ. ಎರಡನೇ ಮಹಾಯುದ್ಧದಲ್ಲಿ ಆ ಗುಡ್ಡ ಸೇನಾ ತರಬೇತಿಯ ಮೈದಾನವಾದಾಗ ಛತ್ರಿಗೂ ಗುಂಡುಗಳು ತಗುಲಿದವು. ಯುದ್ಧ ಮುಗಿದ ಮೇಲೆ ದುರಸ್ತಿ ಮಾಡಬೇಕಾಯಿತು. 1951ರಿಂದ 1999ರವರೆಗೆ ಮಾಜಿ ಸೈನಿಕರ ಸಂಸ್ಥೆಯಾದ ಬ್ರಿಟಿಷ್ ಲೀಜನ್ ವರ್ಷಕ್ಕೊಮ್ಮೆ ಅಲ್ಲಿ ನಮನ ಸಲ್ಲಿಸುತ್ತಿತ್ತು. ಅದು ನಿಂತಾಗ ಊರಿನ ಒಬ್ಬ ಸಿಖ್ ಶಿಕ್ಷಕರು ಆ ಹೊಣೆ ಹೊತ್ತರು. ಅದರಿಂದಾಗಿಯೇ ಪ್ರತಿ ವರ್ಷ ಜೂನ್ ತಿಂಗಳ ಎರಡನೇ ಭಾನುವಾರ ಗುಡ್ಡದ ಮೇಲೆ ಜನ ಸೇರುತ್ತಿದ್ದಾರೆ. ಸರ್ಕಾರ, ಸಂಸ್ಥೆಗಳು ಕೈಬಿಟ್ಟ ಸ್ಮರಣೆಯನ್ನು ಸಾಮಾನ್ಯ ನಾಗರಿಕರು ಉಳಿಸಬಲ್ಲರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಬ್ರೈಟನ್ ಸೇರಿದಂತೆ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಸತ್ತ ಮುಸ್ಲಿಂ ಸೈನಿಕರಿಗೆ ವೋಕಿಂಗ್ ಮಸೀದಿಗೆ ಹತ್ತಿರದ ಹಾರ್ಸೆಲ್ ಕಾಮನ್ ಎಂಬಲ್ಲಿ ದಫನ್ ಭೂಮಿ ಸಿದ್ಧವಾಯಿತು. ಕಿಡಿಗೇಡಿಗಳ ಕಾಟ ಹೆಚ್ಚಾದಾಗ, 1960ರ ದಶಕದ ಕೊನೆಯಲ್ಲಿ ಅಸ್ಥಿಗಳನ್ನು ಬ್ರೂಕ್‌ವುಡ್ ಸೇನಾ ಸ್ಮಶಾನಕ್ಕೆ ಸಾಗಿಸಿದರು. ಹಾಳು ಬಿದ್ದಿದ್ದ ಆ ಜಾಗ 2015ರಲ್ಲಿ ಶಾಂತಿ ಉದ್ಯಾನವಾಗಿ ತೆರೆದುಕೊಂಡಿತು. ಈಗ ಅಲ್ಲಿ ಎರಡೂ ಮಹಾಯುದ್ಧಗಳ 27 ಸೈನಿಕರ ಹೆಸರಿಗೆ 27 ಹಿಮಾಲಯದ ಬರ್ಚ್ ಮರಗಳಿವೆ.

ಇನ್ನು ಸಿಬ್ಬಂದಿಯ ವಿಚಾರ. ಬರೇಲಿಯ ಸುಖಾ ಅವರನ್ನು ನೀವೆಲ್ಲ ತಿಳಿಯಬೇಕು. ನ್ಯೂ ಫಾರೆಸ್ಟ್ ಪ್ರದೇಶದ ಬ್ರೋಕನ್‌ಹರ್ಸ್ಟ್ ಊರಿನಲ್ಲಿ ಭಾರತೀಯ ಗಾಯಾಳುಗಳಿಗಾಗಿ ನಡೆಯುತ್ತಿದ್ದ ಲೇಡಿ ಹಾರ್ಡಿಂಜ್ ಆಸ್ಪತ್ರೆಯಲ್ಲಿ ಅವರು ಜಾಡಮಾಲಿ. 1915ರ ಜನವರಿ 12ರಂದು, ಮೂವತ್ತನೇ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಅಸ್ಪೃಶ್ಯನೆಂದು ಹಿಂದೂಗಳು ಅವರನ್ನು ತಮ್ಮ ಚಿತೆಯ ನೆಲಕ್ಕೆ ಸೇರಿಸಲಿಲ್ಲ. ತಮ್ಮವನಲ್ಲವೆಂದು ಮುಸ್ಲಿಮರು ತಮ್ಮ ದಫನ್ ಭೂಮಿಗೆ ಒಪ್ಪಲಿಲ್ಲ. ಕೊನೆಗೆ ಊರಿನ ಪಾದ್ರಿ ಸೇಂಟ್ ನಿಕೋಲಸ್ ಚರ್ಚಿನ ಅಂಗಳದಲ್ಲಿ ಜಾಗ ಕೊಟ್ಟರು. ಊರವರು ಹಣ ಕೂಡಿಸಿ ಸಮಾಧಿಗೆ ಕಲ್ಲು ಹಾಕಿಸಿದರು. ಅವರ ಹೆಸರು, ಊರು, ಮೊಹಲ್ಲಾ, ಗಾಯಾಳುಗಳಿಗೆ ಅವರು ಸಲ್ಲಿಸಿದ ಸೇವೆ ಎಲ್ಲವನ್ನೂ ಆ ಕಲ್ಲು ಇಂದಿಗೂ ಹೇಳುತ್ತದೆ. ದೇಶ ಬಿಟ್ಟು ಸಾವಿರಾರು ಮೈಲಿ ಹೋದರೂ ಜಾತಿ ಬೆನ್ನು ಬಿಡಲಿಲ್ಲ. ಆ ಅವಮಾನದ ಪಾಲು ಇಂದಿಗೂ ನಮ್ಮ ಮೇಲಿದೆ. ಬಂದೂಕು ಹಿಡಿದವರಿಗೊಂದು ಬಗೆ, ಪೊರಕೆ ಹಿಡಿದವರಿಗೊಂದು ಬಗೆ ಎಂದು ನಮ್ಮ ಸ್ಮರಣೆಯಲ್ಲಿಯೂ ಭೇದ ಮಾಡಿದರೆ ಸುಖಾ ಅವರನ್ನು ನಾವು ಎರಡನೇ ಸಲ ಹೊರಗಿಟ್ಟಂತೆ.

ಮೊದಲ ಮಹಾಯುದ್ಧದಲ್ಲಿ ಭಾರತೀಯ ಸೇನೆಗೆ ಸೇರಿದ ಸುಮಾರು 14 ಲಕ್ಷ ಮಂದಿಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಆಯುಧ ಹಿಡಿಯದ ದುಡಿಮೆಗಾರರು: ಡೋಲಿ ಹೊರುವವರು, ಹೇಸರಗತ್ತೆ ನಡೆಸುವವರು, ಭಿಸ್ತಿಗಳು, ಧೋಬಿಗಳು, ಕೂಲಿಗಳು. ಆಸ್ಪತ್ರೆಗಳು ನಡೆದದ್ದು ಇವರ ರಟ್ಟೆಯ ಬಲದ ಮೇಲೆ. ಕೆಂಪು ಶಿಲುಬೆಯ ಗುರುತು ಇವರಂಥವರನ್ನು ಕಾಯುತ್ತದೆಂದೂ ಹೇಳುವಂತಿಲ್ಲ. ಎರಡನೇ ಮಹಾಯುದ್ಧದಲ್ಲಿ, 1942ರ ಫೆಬ್ರವರಿ 14ರಂದು, ಸಿಂಗಪುರದ ಅಲೆಕ್ಸಾಂಡ್ರಾ ಸೇನಾ ಆಸ್ಪತ್ರೆಗೆ ನುಗ್ಗಿದ ಜಪಾನಿ ಪಡೆ ಮರುದಿನವೂ ಕೊಲೆ ಮುಂದುವರಿಸಿತು. ಸುಮಾರು 200 ಮಂದಿ ರೋಗಿಗಳು ಮತ್ತು ಸಿಬ್ಬಂದಿ ಸತ್ತರೆಂದು ಅಂದಾಜು.

ಇದಕ್ಕೂ ಕನ್ನಡನಾಡಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. 1914ರಲ್ಲೇ ಮೈಸೂರು ಲ್ಯಾನ್ಸರ್ಸ್ ಈಜಿಪ್ಟಿಗೆ ಹೊರಟಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕುದುರೆಪಡೆಗಳಲ್ಲಿ ಅದೂ ಒಂದು. ಬೆಂಗಳೂರಿನ ಹಲಸೂರಿನಲ್ಲಿ ನೆಲೆಯಿದ್ದ ಮದ್ರಾಸ್ ಸ್ಯಾಪರ್ಸ್‌ನವರು ಮೆಸಪಟೋಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ ದುಡಿದರು. ಆ ಸೀಮೆಯಲ್ಲಿ ಜ್ವರ, ಕಾಲರಾ, ಬಿಸಿಲಿನ ಹೊಡೆತಗಳು ಹೆಚ್ಚುಕಡಿಮೆ ಗುಂಡಿನಷ್ಟೇ ಜೀವ ತೆಗೆದವು. 1915ರ ನವೆಂಬರಿನ ಟೆಸಿಫನ್ ಕದನದ ಗಾಯಾಳುಗಳನ್ನು ಔಷಧವಿಲ್ಲದೆ, ನೆರಳಿಲ್ಲದೆ ದೋಣಿಗಳಲ್ಲಿ ತುಂಬಿ ಬಸ್ರಾಕ್ಕೆ ತಂದ ಸ್ಥಿತಿಯನ್ನು ವಿಚಾರಣಾ ಆಯೋಗ 1917ರಲ್ಲಿ ಬಯಲು ಮಾಡಿದಾಗ, ಭಾರತ ಸಚಿವ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟರು. ಆದರೆ ಬಸ್ರಾದಲ್ಲಿ ಸ್ಮಾರಕ ಎದ್ದಾಗ ಭಾರತೀಯರ ಪೈಕಿ ಅದರ ಮೇಲೆ ಬರೆದದ್ದು ಅಧಿಕಾರಿಗಳ ಹೆಸರುಗಳನ್ನು ಮಾತ್ರ. ಸಾಮಾನ್ಯ ಸಿಪಾಯಿಗಳು ಬರೀ ಸಂಖ್ಯೆಯಾಗಿ ಉಳಿದರು.

ಇದು ತಪ್ಪೆಂದು ಇಂಥ ಸ್ಮಾರಕಗಳ ಹೊಣೆ ಹೊತ್ತ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವೇ 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ಭಾರತೀಯರೂ ಆಫ್ರಿಕನ್ನರೂ ಸೇರಿ 45,000ದಿಂದ 54,000 ಮೃತರಿಗೆ ಸಮಾನ ಗೌರವ ಸಿಕ್ಕಿಲ್ಲ. ಇನ್ನೂ ಕನಿಷ್ಠ 1,16,000 ಜನರ, ಬಹುಶಃ ಮೂರೂವರೆ ಲಕ್ಷ ಜನರ ಹೆಸರೇ ಎಲ್ಲೂ ಇಲ್ಲ ಎಂದು ಅದರ ವರದಿ ಹೇಳಿದೆ. ಹೆಸರು ಸೇರಿಸುವ ಬಾಗಿಲು ಈಗಲೂ ತೆರೆದಿದೆ. ಪುರಾವೆ ಒದಗಿಸಬೇಕಾದವರು ನಾವು.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆಗಳು ಇವು.

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರೇ, ಲಂಡನ್ನಿನಿಂದ ಬ್ರೈಟನ್ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಬರುವ ಜೂನ್ ತಿಂಗಳ ಎರಡನೇ ಭಾನುವಾರವನ್ನು ನಿಮ್ಮ ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ಸೇರಿಸಿಕೊಳ್ಳಿ. ಯುಗಾದಿ, ರಾಜ್ಯೋತ್ಸವಕ್ಕೆ ಮಕ್ಕಳನ್ನು ಕರೆದೊಯ್ಯುವಂತೆ ಛತ್ರಿಗೂ ಕರೆದೊಯ್ಯಿರಿ. ಗುಡ್ಡ ಹತ್ತಲು ವಯಸ್ಸಾದವರಿಗೆ ಹೆಗಲು ಕೊಡಿ. ವರ್ಷದಲ್ಲಿ ಒಮ್ಮೆಯಾದರೂ ಬ್ರೋಕನ್‌ಹರ್ಸ್ಟ್‌ಗೆ ಹೋಗಿ ಸುಖಾ ಅವರ ಸಮಾಧಿಯ ಮೇಲೆ ಹೂವಿಡಿ. ವೋಕಿಂಗ್‌ನ ಉದ್ಯಾನವನ್ನೂ ಮರೆಯಬೇಡಿ. ಮೂರು ಜಾಗಕ್ಕೂ ಹೋಗಿ. ನಮ್ಮವರು, ಅವರವರು ಎಂದು ಹಂಚಿಕೊಳ್ಳಬೇಡಿ.

ಊರಿನಲ್ಲಿರುವವರೇ, ನಿಮ್ಮ ಮನೆಯ ಅಟ್ಟ, ಹಳೆಯ ಟ್ರಂಕುಗಳನ್ನು ಒಮ್ಮೆ ತೆಗೆದು ನೋಡಿ. ಮುತ್ತಾತ ಪಲ್ಟನ್ನಿಗೆ ಹೋಗಿದ್ದರೆಂಬ ಮಾತು ಮನೆಯಲ್ಲಿದ್ದರೆ ಅವರ ಪದಕ, ಡಿಸ್ಚಾರ್ಜ್ ಕಾಗದ, ಪಿಂಚಣಿ ಪುಸ್ತಕ ಎಲ್ಲೋ ಇರಬಹುದು. ಮೊದಲ ಮಹಾಯುದ್ಧದ ಬ್ರಿಟಿಷ್ ಪದಕದ ಅಂಚಿನಲ್ಲಿ ಪಡೆದವರ ಹೆಸರು ಮತ್ತು ಪಲ್ಟನ್ನಿನ ಹೆಸರನ್ನು ಕೊರೆದಿರುತ್ತಾರೆ. ಅದನ್ನು ಬೆಳ್ಳಿಯ ತೂಕಕ್ಕೆ ಮಾರಬೇಡಿ, ಉಜ್ಜಿ ಅಕ್ಷರ ಅಳಿಸಬೇಡಿ, ಫೋಟೋ ತೆಗೆದಿಡಿ. ಬಳಿಕ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಆ ಹೆಸರನ್ನು ಹುಡುಕಿ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರ ನಡುವೆ, ಅಥವಾ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರ ನಡುವೆ ಸೇವೆಯಲ್ಲಿದ್ದಾಗ ಸತ್ತವರು ಅದರ ವ್ಯಾಪ್ತಿಗೆ ಬರುತ್ತಾರೆ. ಸೇವೆಯಲ್ಲಿ ತಗುಲಿದ ಗಾಯ ಅಥವಾ ಕಾಯಿಲೆಯಿಂದ ಈ ಅವಧಿಯಲ್ಲಿ ಮನೆಗೆ ಮರಳಿ ಸತ್ತವರೂ ಬರಬಹುದು. ಹೆಸರು ಸಿಗದಿದ್ದರೆ ದಾಖಲೆಯೊಂದಿಗೆ ಆಯೋಗಕ್ಕೆ ಬರೆಯಿರಿ. ಒಂದು ಪ್ರತಿಯನ್ನು ರಾಜ್ಯ ಪತ್ರಾಗಾರಕ್ಕೂ ಕೊಡಿ.

ಶಿಕ್ಷಕರೇ, ಮಾಜಿ ಸೈನಿಕರ ಸಂಘಗಳವರೇ, ಸೆಪ್ಟೆಂಬರ್ 23ರಂದು ಬೆಂಗಳೂರಿನ ಜೆ.ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಮುಂದೆ ನಿಂತಾಗ ಹೈಫಾದ ಗೆಲುವಿನ ಜೊತೆಗೆ ಆಸ್ಪತ್ರೆಗಳಲ್ಲಿ ಕಣ್ಣುಮುಚ್ಚಿದವರನ್ನೂ ಹೆಸರಿಸಿ. ನಿಮ್ಮ ತಾಲ್ಲೂಕಿನಿಂದ ಹೋದವರ ಪಟ್ಟಿ ಮಾಡುವ ಕೆಲಸವನ್ನು ಪ್ರೌಢಶಾಲೆಯ ಮಕ್ಕಳಿಗೆ ಒಪ್ಪಿಸಿ. ಪಟ್ಟಿಯಲ್ಲಿ ಸಿಪಾಯಿಯ ಹೆಸರಿನ ಕೆಳಗೆ ಅಡುಗೆಯವನ ಹೆಸರೂ ಅದೇ ಅಳತೆಯ ಅಕ್ಷರದಲ್ಲಿ ಇರಲಿ.

ಇದಕ್ಕೆ ದೊಡ್ಡ ಹಣ ಬೇಕಿಲ್ಲ, ಸರ್ಕಾರದ ಆದೇಶಕ್ಕೆ ಕಾಯಬೇಕಿಲ್ಲ. ಮನೆಯ ಹಿರಿಯರಲ್ಲಿ ಕೇಳುವ ಒಂದು ಪ್ರಶ್ನೆಯಿಂದ ಇದು ಶುರುವಾಗುತ್ತದೆ. ಮುತ್ತಜ್ಜನ ಕತೆ ಬಲ್ಲ ತಲೆಗಳು ಒಂದೊಂದಾಗಿ ಹೋಗುತ್ತಿವೆ. ನಾಳೆ ಕೇಳೋಣವೆಂದರೆ ಉತ್ತರಿಸುವವರು ಇರಲಿಕ್ಕಿಲ್ಲ. ಈ ಭಾನುವಾರವೇ ಕೇಳಿ, ಕೇಳಿದ್ದನ್ನು ಬರೆದಿಡಿ, ಬರೆದದ್ದನ್ನು ಆಯೋಗಕ್ಕೂ ಪತ್ರಾಗಾರಕ್ಕೂ ಕಳಿಸಿ. ಪರದೇಶದ ಆಸ್ಪತ್ರೆಯಲ್ಲಿ ಸತ್ತ ಒಬ್ಬರ ಹೆಸರಾದರೂ ಪ್ರತಿ ತಾಲ್ಲೂಕಿನಿಂದ ದಾಖಲೆಗೆ ಸೇರಲಿ ಎಂಬುದು ನನ್ನ ಕಳಕಳಿಯ ಮನವಿ.