ಅಬ್ಬಕ್ಕನ ಹೆಸರು ವೇದಿಕೆಗೆ, ಅಬ್ಬಕ್ಕನ ಊರು ಕಡಲಿಗೆ

ಉಳ್ಳಾಲಕ್ಕೆ ಅಬ್ಬಕ್ಕ ಉತ್ಸವ ಬೇಡ ಎನ್ನುವವನು ನಾನಲ್ಲ. ಬೇಕೇ ಬೇಕು. ಆದರೆ ನಮ್ಮ ಕರಾವಳಿಯ ಉತ್ಸವಗಳು ಈಗ ಹಿಡಿದಿರುವ ದಾರಿಯಲ್ಲೇ ಇನ್ನೊಂದು ಹತ್ತು ವರ್ಷ ಹೋದರೆ ನಮಗೆ ಉಳಿಯುವುದು ರಾಣಿಯ ಹೆಸರಿನ ಒಂದು ದ್ವಾರ, ಒಂದು ಮೆರವಣಿಗೆ, ಒಂದಷ್ಟು ಶಾಲುಗಳು. ಇತಿಹಾಸ ಮಾತ್ರ ಉಳಿಯುವುದಿಲ್ಲ. ಜಗಳ ತೆಗೆಯಬೇಕಾದದ್ದು ಇಲ್ಲಿ.

ಈ ಉತ್ಸವಗಳ ವರದಿ ಬರೆದವರಿಗೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ. ಬೆಳಿಗ್ಗೆಯೇ ಪ್ರೆಸ್ ನೋಟ್ ವಾಟ್ಸ್‌ಆ್ಯಪ್‌ನಲ್ಲಿ ಬಂದಿರುತ್ತದೆ. ಉದ್ಘಾಟಕರು, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಸ್ವಾಗತಿಸಿದವರು, ವಂದಿಸಿದವರು. ಸಂಜೆ ಹೋಗಿ ಕೂತರೆ ಅದೇ ಕ್ರಮದಲ್ಲಿ ಎಲ್ಲವೂ ನಡೆಯುತ್ತದೆ. ಭಾಷಣಗಳಲ್ಲಿ ನಾಲ್ಕೇ ನಾಲ್ಕು ವಾಕ್ಯ: ಅಬ್ಬಕ್ಕ ದೇಶದ ಪ್ರಥಮ ಸ್ವಾತಂತ್ರ್ಯ ಹೋರಾಟಗಾರ್ತಿ, ಅಬ್ಬಕ್ಕ ಪೋರ್ಚುಗೀಸರಿಗೆ ಸಿಂಹಸ್ವಪ್ನ, ಅಬ್ಬಕ್ಕ ಸೌಹಾರ್ದದ ಪ್ರತೀಕ, ಅಬ್ಬಕ್ಕ ಇಂದಿನ ಯುವಜನರಿಗೆ ಸ್ಫೂರ್ತಿ. ಮರುದಿನ ನಮ್ಮ ಪತ್ರಿಕೆಗಳಲ್ಲಿಯೂ ಇದೇ ನಾಲ್ಕು ವಾಕ್ಯ. ಸುದ್ದಿಗಿಷ್ಟು ಎಂದು ಲೆಕ್ಕ ಹಾಕಿ ದುಡ್ಡು ಕೊಡುವ ಕಡೆ ದುಡಿಯುವ ಸ್ಟ್ರಿಂಗರ್ ಐದನೇ ವಾಕ್ಯ ಹುಡುಕಲು ಹೋಗುವುದಿಲ್ಲ. ಹೋದರೂ ಡೆಸ್ಕ್‌ನವರು ಅದನ್ನು ಕತ್ತರಿಸಿ ಅತಿಥಿಗಳ ಹೆಸರು ಉಳಿಸುತ್ತಾರೆ. ಹೆಸರು ಬಿಟ್ಟುಹೋದರೆ ಫೋನ್ ಬರುತ್ತದೆ, ಇತಿಹಾಸ ಬಿಟ್ಟುಹೋದರೆ ಯಾರೂ ಫೋನ್ ಮಾಡುವುದಿಲ್ಲ.

ಆ ಐದನೇ ವಾಕ್ಯ ಯಾವುದು? 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನ ನೋಡಿ, ಘಟ್ಟ ಇಳಿದು ಮಂಗಳೂರಿಗೆ ಬಂದ. ಉಳ್ಳಾಲದ ರಾಣಿಯನ್ನು ನೋಡಲೇಬೇಕೆಂದು ಹುಡುಕಿಕೊಂಡು ಹೋದ. ರಾಣಿ ಆಗ ಉಳ್ಳಾಲದಲ್ಲಿ ಇರಲಿಲ್ಲ, ಮಳಲಿ ಕಡೆಯ ಮಣೇಲ್‌ನಲ್ಲಿದ್ದಳು. ಅವನಿಗೆ ಸಿಕ್ಕಿದ್ದು ಸಿಂಹಾಸನದ ಮೇಲೆ ಕೂತ ರಾಣಿಯಲ್ಲ. ನೀರಿಗಾಗಿ ತೋಡು ತೋಡಿಸುತ್ತಿದ್ದ ಜಾಗ ನೋಡಲು ನಡೆದುಕೊಂಡು ಹೊರಟಿದ್ದ ಹೆಂಗಸು. ಬರಿಗಾಲು, ಸಾದಾ ಹತ್ತಿಬಟ್ಟೆ, ಕಪ್ಪು ಮೈಬಣ್ಣ, ತಲೆಯ ಮೇಲೆ ತಾಳೆಗರಿಯ ಕೊಡೆ. ನೋಡಿದರೆ ಅಡುಗೆಯವಳೋ ಬಟ್ಟೆ ಒಗೆಯುವವಳೋ ಅನ್ನಿಸುವಂತಿದ್ದಳು, ಮಾತಿಗೆ ನಿಂತಾಗ ಮಾತ್ರ ರಾಣಿ ಎಂದು ತಿಳಿಯಿತು ಎಂಬ ಅರ್ಥದಲ್ಲಿ ಅವನು ಬರೆದುಕೊಂಡಿದ್ದಾನೆ. ದುಭಾಷಿಯ ಮೂಲಕ ಅವಳು ಅವನನ್ನೇ ಪ್ರಶ್ನೆ ಕೇಳಿದಳು: ಎಲ್ಲಿಯವನು, ಊರು ಬಿಟ್ಟು ಇಷ್ಟು ದೂರ ಯಾಕೆ ಬಂದೆ ಎಂದು.

ಇದು ಗುಟ್ಟಿನ ದಾಖಲೆಯೇನೂ ಅಲ್ಲ. ಆ ಪ್ರವಾಸಪತ್ರಗಳ ಇಂಗ್ಲಿಷ್ ಅನುವಾದವನ್ನು ಲಂಡನ್ನಿನ ಹಕ್ಲೂಯ್ಟ್ ಸೊಸೈಟಿ 1892ರಲ್ಲೇ ಅಚ್ಚು ಹಾಕಿದೆ. ಆದರೆ ನಮ್ಮ ಮೆರವಣಿಗೆಗಳ ಅಬ್ಬಕ್ಕ ನೋಡಿ: ಬಾಡಿಗೆಗೆ ತಂದ ಜರಿ ಸೀರೆ, ತಗಡಿನ ಕಿರೀಟ, ಕೈಯಲ್ಲಿ ಕತ್ತಿ, ಕುದುರೆ. ಮುಖಕ್ಕೆ ಬಿಳಿ ಪೌಡರ್ ಮೆತ್ತಿದ ಹುಡುಗಿ. ಆ ಹುಡುಗಿಯ ತಪ್ಪು ಇದರಲ್ಲಿ ಏನೂ ಇಲ್ಲ. ಕಪ್ಪು ಬಣ್ಣದ, ಬರಿಗಾಲಿನ, ತೋಡಿನ ಕೆಲಸ ನೋಡಲು ಬಿಸಿಲಿಗೆ ಹೋಗುವ ರಾಣಿಯನ್ನು ಕಂಡರೆ ನಮಗೇ ಮುಜುಗರ. ಗದ್ದೆಗೆ ನೀರು ಬಿಡಿಸಿದ ಹೆಂಗಸಿಗಿಂತ ಕತ್ತಿ ಹಿಡಿದ ಹೆಂಗಸು ಬ್ಯಾನರ್‌ಗೆ ಚೆಂದ ಕಾಣುತ್ತಾಳೆ.

ಇನ್ನೊಂದು ತೊಡಕು ಇದೆ, ಅದನ್ನು ವೇದಿಕೆಯಲ್ಲಿ ಎತ್ತಿದರೆ ಮೈಕ್ ಬೇಗ ಬೇರೆಯವರ ಕೈಗೆ ಹೋಗುತ್ತದೆ. ಪೋರ್ಚುಗೀಸರು ಉಳ್ಳಾಲದ ಮೇಲೆ ಬಿದ್ದ ಕಥೆಗಳು 1550ರ ದಶಕದಿಂದ ಶುರುವಾಗುತ್ತವೆ. ಅವರು ಮಂಗಳೂರಿನಲ್ಲಿ ಸಂತ ಸೆಬಾಸ್ಟಿಯನ್ ಹೆಸರಿನ ಕೋಟೆ ಕಟ್ಟಿದ್ದು 1568ರಲ್ಲಿ. ದೆಲ್ಲಾ ವಾಲ್ಲೆ ಕಂಡ ರಾಣಿಗೆ 1623ರಲ್ಲಿ ಸುಮಾರು ನಲವತ್ತರ ವಯಸ್ಸು. ಲೆಕ್ಕ ಬರುವ ಯಾರಿಗಾದರೂ ಗೊತ್ತಾಗುತ್ತದೆ, ಇದು ಒಬ್ಬಳೇ ಅಬ್ಬಕ್ಕ ಆಗಲು ಸಾಧ್ಯವಿಲ್ಲ. ಇಬ್ಬರೋ ಮೂವರೋ ಎಂದು ವಿದ್ವಾಂಸರು ಚರ್ಚೆ ಮಾಡುತ್ತಲೇ ಬಂದಿದ್ದಾರೆ. ಅಳಿಯಸಂತಾನ ಕಟ್ಟಿನ ಚೌಟರ ಮನೆಯಲ್ಲಿ ಅಧಿಕಾರ ಹೆಣ್ಣಿನ ಬಳಿಗೆ ಬರುವುದು ವಿಚಿತ್ರವಾಗಿರಲಿಲ್ಲ. ಒಂದೇ ಮನೆತನದ ಒಬ್ಬರಿಗಿಂತ ಹೆಚ್ಚು ಹೆಂಗಸರು ತಲೆಮಾರು ದಾಟಿ ಈ ಕಡಲನ್ನು ಕಾದರು ಎಂಬುದು ಒಬ್ಬ ವೀರರಾಣಿಯ ಕಥೆಗಿಂತ ದೊಡ್ಡ ಕಥೆ. ಆದರೂ ಅದನ್ನು ಹೇಳಿದರೆ ರಾಣಿಗೆ ಅವಮಾನವಾದಂತೆ ಮುಖ ಕಿವಿಚುತ್ತಾರೆ.

ಜನ ಭಾಷಣ ಕೇಳುವುದಿಲ್ಲ, ಅವರಿಗೆ ಆರ್ಕೆಸ್ಟ್ರಾ ಬೇಕು ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಯಾವ ಊರಿನ ಬಗ್ಗೆ ಈ ಮಾತು? ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತು. ಕರ್ಣ ಮಾಡಿದ್ದು ಸರಿಯೋ ಕೃಷ್ಣ ಮಾಡಿದ್ದು ಸರಿಯೋ ಎಂದು ಅರ್ಥಧಾರಿಗಳು ಗಂಟೆಗಟ್ಟಲೆ ವಾದ ಮಾಡುವುದನ್ನು ನಿದ್ದೆಗೆಟ್ಟು ಕೇಳುವ ಜನ ನಾವು. ಮರುದಿನ ಹೋಟೆಲಿನಲ್ಲಿ ಚಾ ಕುಡಿಯುತ್ತ ಅದೇ ವಾದ ಮುಂದುವರಿಸುವವರೂ ನಾವೇ. ಇಂಥವರ ಮುಂದೆ ‘ಅಬ್ಬಕ್ಕ ಒಬ್ಬಳೋ ಮೂವರೋ’ ಎಂದು ಇಬ್ಬರು ಬಲ್ಲವರನ್ನು ಎದುರುಬದುರು ಕೂರಿಸಿ ನೋಡಿ. ಕುರ್ಚಿ ಸಾಕಾಗುವುದಿಲ್ಲ. ಕೇಳುವವರಿಗೆ ಬರವಿಲ್ಲ, ಕೇಳಿಸುವ ಮನಸ್ಸಿಗೆ ಬರ.

ಇನ್ನು ಸೌಹಾರ್ದದ ಮಾತು. ಜೈನ ರಾಣಿ, ಮೊಗವೀರರು, ಮುಸ್ಲಿಂ ನಾವಿಕರು, ಕಲ್ಲಿಕೋಟೆಯ ಸಾಮೂದಿರಿಯ ನಂಟು. ಇದನ್ನು ಒಂದು ಗುಂಪು ಒಂದು ಪದವಾಗಿ ಮಾಡಿ ಕೈ ತೊಳೆದುಕೊಂಡಿತು. ಇನ್ನೊಂದು ಗುಂಪು ರಾಣಿಯ ಕೈಗೆ ತನ್ನ ಬಾವುಟ ಕೊಡಲು ಹೊರಟಿತು. ಇಬ್ಬರೂ ಕೇಳದ ಪ್ರಶ್ನೆ ಒಂದೇ: ಇವರೆಲ್ಲ ಯಾಕೆ ಒಟ್ಟಾದರು? ಉತ್ತರ ವ್ಯಾಪಾರದಲ್ಲಿದೆ. ಪೋರ್ಚುಗೀಸರ ಕಾಲದಲ್ಲಿ ಅವರ ಪರವಾನಗಿ ಚೀಟಿ ಇಲ್ಲದ ಹಡಗು ಅರಬ್ಬೀ ಸಮುದ್ರದಲ್ಲಿ ಓಡಾಡಿದರೆ ಹಿಡಿಯುತ್ತಿದ್ದರು. ಮಂಗಳೂರು, ಬಸ್ರೂರು ಕಡೆಯ ಅಕ್ಕಿ ಗೋವೆಗೆ ಬೇಕಿತ್ತು, ಕರಿಮೆಣಸು ಅವರಿಗೆ ಬೇಕಿತ್ತು, ಕಪ್ಪವೂ ಬೇಕಿತ್ತು. ಅಕ್ಕಿ ಬೆಳೆದವನಿಗೂ ಹೊತ್ತವನಿಗೂ ಹಡಗು ನಡೆಸಿದವನಿಗೂ ಹೊಡೆತ ಒಂದೇ ಕಡೆಯಿಂದ ಬಿತ್ತು. ಒಟ್ಟಾಗಿ ದುಡಿಯುವವರು ಒಟ್ಟಾಗಿ ಎದುರು ನಿಂತರು. ಇವತ್ತಿಗೂ ಬಂದರಿನ ಧಕ್ಕೆಗೆ ಬೆಳಗಿನ ಜಾವ ಹೋದರೆ ಮೀನು ಹಿಡಿದವನು, ಏಲಂ ಕೂಗುವವನು, ಐಸ್ ಹೊರುವವನು ಬೇರೆ ಬೇರೆ ದೇವರಿಗೆ ಕೈ ಮುಗಿಯುವವರೇ. ಆ ಧಕ್ಕೆಯ ಲೆಕ್ಕ ಅರ್ಥ ಮಾಡಿಸಿದರೆ ಸೌಹಾರ್ದದ ಭಾಷಣವೇ ಬೇಕಾಗಿಲ್ಲ.

ಈಗ ಊರಿನ ಮಾತಿಗೆ ಬರುತ್ತೇನೆ. ಉಳ್ಳಾಲದಲ್ಲಿ ನೇತ್ರಾವತಿ ಕಡಲು ಸೇರುವ ಅಳಿವೆಯ ಬದಿಯ ಜಾಗಕ್ಕೆ ಕೋಟೆಪುರ ಎಂದು ಹೆಸರು. ಹೆಸರಿನಲ್ಲೇ ಕೋಟೆ ಇದೆ. ಈಗ ಅಲ್ಲಿಗೆ ಹೋದರೆ ಮೊದಲು ಮೂಗಿಗೆ ಬಡಿಯುವುದು ಮೀನಿನ ಹುಡಿ ಕಾರ್ಖಾನೆಗಳ ವಾಸನೆ. ಅಲ್ಲಿಂದ ದಕ್ಷಿಣಕ್ಕೆ ಮೊಗವೀರಪಟ್ನ, ಸೋಮೇಶ್ವರ, ಉಚ್ಚಿಲದವರೆಗೆ ಮಳೆಗಾಲ ಬಂತೆಂದರೆ ಕಡಲ್ಕೊರೆತ. ತೆಂಗಿನಮರ ಬುಡಸಮೇತ ಹೋಗುತ್ತದೆ, ರಸ್ತೆ ಹೋಗುತ್ತದೆ, ಮನೆಯ ಹಿಂದಿನ ಗೋಡೆ ಹೋಗುತ್ತದೆ. ಲಾರಿಗಟ್ಟಲೆ ಕಲ್ಲು ತಂದು ಸುರಿದದ್ದಾಯಿತು. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ತಡೆಗೋಡೆ, ನೀರೊಳಗಿನ ರೀಫ್ ಕಟ್ಟಿದ್ದಾಯಿತು. ಆದರೂ ಜೂನ್ ಬಂದರೆ ದಡದವರು ಸಾಮಾನು ಕಟ್ಟಿಡುವುದು ತಪ್ಪಿಲ್ಲ. ಕತೆಯ ಪ್ರಕಾರ ತೆಂಗಿನ ಗರಿಯ ಸೂಟೆ ಹೊತ್ತಿಸಿ ಶತ್ರುವಿನ ಹಡಗಿಗೆ ಎಸೆದವರ ಮೊಮ್ಮಕ್ಕಳ ಮೊಮ್ಮಕ್ಕಳು ಇವರು. ಉತ್ಸವದ ವೇದಿಕೆಯ ಮೇಲಿನ ಕುರ್ಚಿಗಳಲ್ಲಿ ಇವರಿಗೊಂದು ಇದೆಯೇ?

ಅಬ್ಬಕ್ಕನ ಹೆಸರು ಕೋಸ್ಟ್ ಗಾರ್ಡ್‌ನ ಹಡಗಿಗೆ 2012ರಲ್ಲಿ ಬಂತು. 2023ರಲ್ಲಿ ಅಂಚೆಚೀಟಿ ಬಂತು. ಸಂತೋಷ. ಕಡಲು ಕಾಯುವ ಹಡಗಿಗೆ ಅವಳ ಹೆಸರು ಇಡಲು ಬಂದ ನಮಗೆ ಅವಳ ಕಡಲ ದಡ ಕಾಯಲು ಬರುವುದಿಲ್ಲ ಎಂದರೆ ಹೇಗೆ?

ಉತ್ಸವ ಇಲ್ಲದಿದ್ದರೆ ಅಬ್ಬಕ್ಕನ ಹೆಸರು ಯಾರಿಗೆ ಗೊತ್ತಾಗುತ್ತಿತ್ತು ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ನಿಜ ಇದೆ. ಪಠ್ಯಪುಸ್ತಕಗಳು ಕಿತ್ತೂರು, ಝಾನ್ಸಿ ಎಂದು ಮುಗಿಸುತ್ತಿದ್ದ ಕಾಲದಲ್ಲಿ ಈ ಹೆಸರನ್ನು ಎತ್ತಿ ಹಿಡಿದವರು ಇಲ್ಲಿಯ ಜನರೇ, ಕೈಯಿಂದ ದುಡ್ಡು ಹಾಕಿ ಓಡಾಡಿದವರೇ. ಬಂಟ್ವಾಳದ ಸಂಚಯಗಿರಿಯಲ್ಲಿ ರಾಣಿಯ ಹೆಸರಿನ ಅಧ್ಯಯನ ಕೇಂದ್ರ ನಿಂತದ್ದೂ ಸರ್ಕಾರ ಆಜ್ಞೆ ಹೊರಡಿಸಿದ್ದರಿಂದಲ್ಲ. ಆ ಶ್ರಮಕ್ಕೆ ನನ್ನ ನಮಸ್ಕಾರ. ಆದರೆ ಹೆಸರು ಗೊತ್ತು ಮಾಡಿಸುವ ಕೆಲಸ ಮುಗಿಯಿತು. ಈಗ ಮೂರನೇ ಕ್ಲಾಸಿನ ಮಗುವಿಗೂ ಹೆಸರು ಗೊತ್ತು, ಹೆಸರಿನಾಚೆ ಏನೂ ಗೊತ್ತಿಲ್ಲ. ಗೆದ್ದ ಕೆಲಸವನ್ನೇ ಪ್ರತಿ ವರ್ಷ ಮತ್ತೆ ಮಾಡುವುದು ಸುಲಭ, ಮುಂದಿನ ಕೆಲಸ ಕಷ್ಟ.

ಮುಂದಿನ ಕೆಲಸಕ್ಕೆ ದೊಡ್ಡ ಬಜೆಟ್ ಬೇಕಾಗಿಲ್ಲ. ದೆಲ್ಲಾ ವಾಲ್ಲೆಯ ಮಂಗಳೂರು, ಉಳ್ಳಾಲ, ಮಣೇಲ್ ಪುಟಗಳನ್ನು ಕನ್ನಡ, ತುಳು, ಬ್ಯಾರಿ ಮೂರರಲ್ಲೂ ತಂದು ಶಾಲೆಗಳಿಗೆ ಹಂಚಿ. ಉತ್ಸವದ ಒಂದು ದಿನವನ್ನು ಮಣೇಲ್‌ನಲ್ಲಿ, ಇನ್ನೊಂದನ್ನು ಮೂಡುಬಿದಿರೆಯ ಚೌಟರ ಅರಮನೆಯ ಮುಂದೆ ನಡೆಸಿ. ಮಕ್ಕಳಿಗೆ ಕಿರೀಟ ಬಾಡಿಗೆಗೆ ತರುವ ದುಡ್ಡಿನಲ್ಲಿ ಅವರನ್ನೊಂದು ಬಸ್ಸಿನಲ್ಲಿ ಕೂರಿಸಿ ಕೋಟೆಪುರದಿಂದ ಸೋಮೇಶ್ವರದವರೆಗೆ ಕರೆದುಕೊಂಡು ಹೋಗಿ, ಹಿರಿಯ ಮೀನುಗಾರರ ಬಾಯಿಂದ ದಡ ಎಷ್ಟು ಹಿಂದೆ ಸರಿಯಿತು ಎಂದು ಕೇಳಿಸಿ. ಆ ಮಾತುಗಳನ್ನು ಬರೆದಿಡಿ. ಉದ್ಘಾಟನೆಗೆ ಬಂದ ಮಂತ್ರಿಗಳು ಭಾಷಣಕ್ಕೆ ಮೊದಲು, ಕಳೆದ ವರ್ಷ ಕಡಲ್ಕೊರೆತಕ್ಕೆ ಎಷ್ಟು ಖರ್ಚಾಯಿತು, ಎಷ್ಟು ಮನೆ ಉಳಿಯಿತು ಎಂಬ ಲೆಕ್ಕ ಅದೇ ಮೈಕಿನಲ್ಲಿ ಓದಲಿ. ಓದಲು ಲೆಕ್ಕ ಇಲ್ಲದವರಿಗೆ ಹಾರ ಹಾಕುವುದು ಬೇಡ.

ನಮ್ಮ ಪಾಲಿನ ಕೆಲಸವೂ ಇದೆ. ಈ ಬ್ಲಾಗ್ ಓದುವವರಲ್ಲಿ ಅರ್ಧ ಜನ ಯಾವುದಾದರೂ ಊರಿನ ಉತ್ಸವಕ್ಕೆ ಈ ವರ್ಷವೂ ಹೋಗುತ್ತೀರಿ. ಹಂಪಿಯೋ ಬನವಾಸಿಯೋ ಕಾರವಾರವೋ, ಎಲ್ಲಾದರೂ ಆಗಲಿ. ಅತಿಥಿಗಳ ಹೆಸರಿನ ಪಟ್ಟಿ ಡೆಸ್ಕ್‌ಗೆ ಕಳಿಸಿ, ಹೊಟ್ಟೆಪಾಡು ಬಿಡಲಾಗುವುದಿಲ್ಲ. ಜೊತೆಗೆ ಒಂದು ಪ್ರಶ್ನೆ ಕೇಳಿ ಬನ್ನಿ: ಯಾರ ಹೆಸರಿನಲ್ಲಿ ಈ ಪೆಂಡಾಲ್ ಎದ್ದಿದೆಯೋ, ಅವರು ಬದುಕಿದ್ದ ಜಾಗದಲ್ಲಿ ಈಗ ಬದುಕುತ್ತಿರುವವರು ಯಾರು, ಹೇಗಿದ್ದಾರೆ? ಉತ್ತರ ಪತ್ರಿಕೆಯಲ್ಲಿ ಬರದಿದ್ದರೆ ಇಲ್ಲಿ ಹಾಕೋಣ.