ಕಾವಲುಗಳ ಧ್ವನಿಮಾಲಿಕೆ: ಒಂದು ಆಕ್ಷೇಪ

ನಮ್ಮ ಜಿಲ್ಲೆಯ ರಕ್ಷಿತ ಸರ್ಕಾರಿ ಭೂಮಿಗಳನ್ನು ಕುರಿತು ಒಂದು ಧ್ವನಿಮಾಲಿಕೆಯನ್ನು ಸಿದ್ಧಪಡಿಸಿ, ಮನೆಮನೆಯ ಮೊಬೈಲಿಗೂ ಸಾಧ್ಯವಾದರೆ ಆಕಾಶವಾಣಿಗೂ ಒದಗಿಸಬೇಕೆಂದು ಕೆಲವು ಉತ್ಸಾಹಿ ತರುಣರು ಹೊರಟಿರುವ ಸಂಗತಿ ವಾಚಕರಿಗೆ ತಿಳಿದಿರಬಹುದು. ಮೊದಲನೆಯ ಕಂತು ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳನ್ನು ಕುರಿತದ್ದು. ಕಳೆದ ಸಭೆಯಲ್ಲಿ ಅದನ್ನು ಕೇಳಿಸಿದರು. ಸಭಿಕರು ಚಪ್ಪಾಳೆ ತಟ್ಟಿದರು, ನಾನು ತಟ್ಟಲಿಲ್ಲ. ಏಕೆ ತಟ್ಟಲಿಲ್ಲವೆಂದು ಮರುದಿನದಿಂದ ಕೇಳುತ್ತಿರುವವರಿಗೆಲ್ಲ ಬೇರೆಬೇರೆಯಾಗಿ ಉತ್ತರ ಹೇಳಿ ಸಾಕಾಗಿದೆ. ಆದಕಾರಣ ಇಲ್ಲಿ ಬರೆಯುತ್ತೇನೆ.

ಕಂತು ಆರಂಭವಾದದ್ದು ಕೊಳಲಿನಿಂದ. ಕೊಳಲಿನ ಹಿಂದೆ ಜಲಪಾತದ ಭೋರ್ಗರೆತ, ಅದರ ಮೇಲೆ ಕೋಗಿಲೆ, ಅನಂತರ ಗಂಭೀರಕಂಠದ ನಿರೂಪಕರೊಬ್ಬರ ಪ್ರಕೃತಿವರ್ಣನೆ. ರಾಜ್ಯದಲ್ಲಿಯೇ ಅತ್ಯಲ್ಪ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಅಲ್ಲಿ ಜಲಪಾತ! ಸಭೆ ಮುಗಿದ ಮೇಲೆ ಕಂತನ್ನು ಸಿದ್ಧಪಡಿಸಿದ ಹುಡುಗನನ್ನು ಕರೆದು ಕೇಳಿದೆ. ಅವನು ಸಂಕೋಚದಿಂದ, “ಮೇಷ್ಟ್ರೇ, ಅಲ್ಲಿ ಏನೂ ಇರಲಿಲ್ಲ. ಬರೀ ಗಾಳಿ. ಕೇಳೋರಿಗೆ ಬೇಸರ ಆಗಬಾರದು ಅಂತ ಹಾಕಿದ್ವಿ” ಎಂದನು.

ಹುಡುಗ ಒಳ್ಳೆಯವನು. ಆದರೆ “ಅಲ್ಲಿ ಏನೂ ಇರಲಿಲ್ಲ” ಎಂಬ ಆ ಮಾತೇ ಕಾವಲುಗಳನ್ನು ನುಂಗಿದ ಮಾತು. ಅದನ್ನು ಕಾವಲಿನ ಗುಣಗಾನಕ್ಕೆಂದು ಹೊರಟವನ ಬಾಯಲ್ಲಿ ಕೇಳಿದಾಗ ನನಗೆ ಆದ ವ್ಯಥೆ ಜಲಪಾತಕ್ಕಿಂತ ದೊಡ್ಡದು.

ಕಾವಲು ಎಂಬ ಶಬ್ದಕ್ಕೆ ರಕ್ಷಣೆ ಎಂದೇ ಅರ್ಥ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗಾಗಿ ‘ಬೆಣ್ಣೆ ಚಾವಡಿ’ ಏರ್ಪಟ್ಟಿತು. ಹೈದರನು ಅದನ್ನು ಬೆಳೆಸಿದನು. ಟೀಪುವು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು ನಿಯಮಗಳನ್ನು ಬರೆಸಿದನು. ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು, ಬೇಸಗೆಗೆ ಒಂದು ಎಂದು ಹುಲ್ಲುಗಾವಲುಗಳನ್ನು ವಿಂಗಡಿಸಿ, ಮಂದೆಯನ್ನು ಒಂದರಿಂದ ಒಂದಕ್ಕೆ ನಡೆಸುತ್ತಿದ್ದರು. 1799ರ ತರುವಾಯ ಇಂಗ್ಲಿಷರು ತಮ್ಮ ಫಿರಂಗಿಗಳನ್ನು ಎಳೆಯಲು ಈ ತಳಿಯ ಎತ್ತುಗಳನ್ನೇ ನೆಚ್ಚಿದರು. 1860ರಲ್ಲಿ ವೆಚ್ಚ ಹೆಚ್ಚೆಂದು ಮಂದೆಗಳನ್ನು ಮಾರಿಬಿಟ್ಟು, ಕೆಲವೇ ವರ್ಷಗಳಲ್ಲಿ ತಪ್ಪನ್ನರಿತು ಮತ್ತೆ ಕೂಡಿಸಿದರು. ಮಾರಿದ ದನವನ್ನು ಹೀಗೆ ಮತ್ತೆ ಕೂಡಿಸಬಹುದು. ಕೊಟ್ಟ ನೆಲದ ವಿಷಯ ಹಾಗಲ್ಲ.

ಕಂದಾಯ ಹುಟ್ಟದ ನೆಲವೆಲ್ಲ ಪಾಳು ಎಂಬ ಎಣಿಕೆಯೂ ಆ ಪರಕೀಯರ ದಫ್ತರದಿಂದಲೇ ಬಂದದ್ದು. ಅವರು ಹೋದರು, ಎಣಿಕೆ ಉಳಿಯಿತು. ಇಂದಿಗೂ ದೇಶದ ಬಂಜರುಭೂಮಿಯ ನಕಾಶೆಗಳಲ್ಲಿ ಕುರುಚಲು ನೆಲ ಒಂದು ವರ್ಗ, ಸೊರಗಿದ ಹುಲ್ಲುಗಾವಲು ಇನ್ನೊಂದು ವರ್ಗ. ನಮ್ಮ ವರವು, ಕುದಾಪುರ, ಉಳ್ಳಾರ್ತಿಯ ಕಾವಲುಗಳಲ್ಲಿ 2008ರಿಂದ 2010ರವರೆಗೆ ರಕ್ಷಣಾ ಸಂಶೋಧನೆಯ ಸಂಸ್ಥೆಗೆ 4,290 ಎಕರೆ, ಪರಮಾಣು ಸಂಶೋಧನೆಯ ಕೇಂದ್ರಕ್ಕೆ 1,810, ವಿಜ್ಞಾನಮಂದಿರಕ್ಕೆ 1,500, ಬಾಹ್ಯಾಕಾಶ ಸಂಸ್ಥೆಗೆ 573 ಎಕರೆ ಹಂಚಿಕೆಯಾದವು. ಕುರಿಗಾರರಿಗೆ ಸಂಗತಿ ಸ್ಪಷ್ಟವಾದದ್ದು ಗೋಡೆ ಎದ್ದಾಗ. ಹಸಿರು ನ್ಯಾಯಮಂಡಳಿಯ 2014ರ ತೀರ್ಪಿನಲ್ಲಿ ಷರತ್ತುಗಳೊಡನೆ ಯೋಜನೆಗಳು ಉಳಿದವು.

ನಾನು ವಿಜ್ಞಾನದ ವೈರಿಯಲ್ಲ. 2023ರ ಆಗಸ್ಟಿನಲ್ಲಿ ಚಂದ್ರಯಾನದ ನೌಕೆ ಇಳಿದ ಸಂಜೆ ಮೊಮ್ಮಕ್ಕಳೊಡನೆ ಕುಳಿತು ನಾನೂ ಕಣ್ಣೊರಸಿಕೊಂಡವನೇ. ಆ ಇಳಿಯುವಿಕೆಯ ಪರೀಕ್ಷೆಗಾಗಿ ಚಂದ್ರಲೋಕದ ಕುಳಿಗಳನ್ನು ಕೃತಕವಾಗಿ ತೋಡಿದ್ದು ಉಳ್ಳಾರ್ತಿಯ ಕಾವಲಿನಲ್ಲಿಯೇ. ನಿರ್ಜೀವವಾದ ಚಂದ್ರನಿಗೆ ಪ್ರತಿನಿಧಿಯಾಗಿ ನಮ್ಮ ಹುಲ್ಲುಗಾವಲು ನಿಂತಿತು! ವಿಜ್ಞಾನಿಗಳು ತಮ್ಮ ಕೆಲಸ ಮಾಡಿದರು. ಆದರೆ ಅಲ್ಲಿ ಜೀವವಿತ್ತೆಂದು ಹೇಳುವ ಕೆಲಸ ಯಾರದು? ಧ್ವನಿಮಾಲಿಕೆಯದು. ಅದು ಜಲಪಾತವನ್ನು ಹಾಕಿತು.

ಕಾವಲಿನ ಮಾಲಿಕೆಗೆ ಚಲಚ್ಚಿತ್ರವೇ ಮೇಲಲ್ಲವೆ, ಬರಿಯ ಧ್ವನಿಯನ್ನು ಈ ಕಾಲದಲ್ಲಿ ಯಾರು ಕೇಳುತ್ತಾರೆ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಈ ಒಂದು ಅಂಶದಲ್ಲಿ ನಾನು ತರುಣರ ಪಕ್ಷ. ಚೈತ್ರ ವೈಶಾಖದಲ್ಲಿ ಕಾವಲಿನ ಚಿತ್ರ ತೆಗೆದರೆ ಕಾಣುವುದು ಕಂದುಮಣ್ಣು, ನಾಲ್ಕು ಜಾಲಿಗಿಡ. ಆ ಚಿತ್ರ ಎದುರು ಪಕ್ಷದ ಸಾಕ್ಷಿ. ಅದೇ ಜಾಗದಲ್ಲಿ ಸೂರ್ಯೋದಯಕ್ಕೆ ಮುಂಚೆ ಕಣ್ಣುಮುಚ್ಚಿ ಕುಳಿತು ನೋಡಿರಿ. ನೆಲಗುಬ್ಬಿ ಹಾಡುತ್ತ ಮೇಲಕ್ಕೆ ಏರುತ್ತದೆ. ಪೊದೆಯಿಂದ ಗೌಜಲಹಕ್ಕಿ ಕೂಗುತ್ತದೆ. ಸಮುದ್ರದೊಡನೆ ಜಗಳಕ್ಕೆ ನಿಂತ ಕಥೆಯ ಟಿಟ್ಟಿಭವು ನಿಮ್ಮೊಡನೆಯೂ ಜಗಳಕ್ಕೆ ಬರುತ್ತದೆ. ದೂರದಲ್ಲಿ ಮಂದೆಯ ಗಂಟೆ. ಕಣ್ಣಿಗೆ ಶೂನ್ಯವಾದದ್ದು ಕಿವಿಗೆ ತುಂಬಿದ ಸಂತೆ. ಹೀಗೆ ಕಿವಿಯಿಂದ ತಿಳಿಯುವುದು ನಮಗೆ ಹೊಸದೂ ಅಲ್ಲ. ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಪ್ರಸಾರ ಆರಂಭಿಸಿದ್ದು 1935ರಲ್ಲಿ. ಆ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಪ್ರಸಾರಕ್ಕೆ ಹೆಸರಾಯಿತು.

ಇನ್ನು ಮುಖ್ಯ ವಾದ. ಇಡೀ ಕಂತಿನಲ್ಲಿ ಒಬ್ಬ ಕುರಿಗಾರನ ಮಾತಾದರೂ ಇರಲಿಲ್ಲ. ಇಬ್ಬರ ಮಾತನ್ನು ಧ್ವನಿಮುದ್ರಿಸಿಕೊಂಡು ಬಂದಿದ್ದರಂತೆ; ಭಾಷೆ ಒರಟೆಂದೂ ಉಚ್ಚಾರಣೆ ಅಶುದ್ಧವೆಂದೂ ಬಿಟ್ಟು, ಅದರ ಸಾರವನ್ನು ನಿರೂಪಕರ ಬಾಯಿಂದ ಶಿಷ್ಟಭಾಷೆಯಲ್ಲಿ ಹೇಳಿಸಿದರಂತೆ. “ಮಾಲಿಕೆ ವಿದ್ಯಾವಂತರ ಮನೆಗಳಿಗೆ ಹೋಗುವುದಲ್ಲವೆ?” ಎಂದು ಸಮರ್ಥನೆ.

ಪಾಠಶಾಲೆಯಲ್ಲಿ ಓದಿದವನಾದ್ದರಿಂದ ಶಾಸ್ತ್ರದ ಒಂದು ಮಾತನ್ನು ಹೇಳುತ್ತೇನೆ. ನ್ಯಾಯದರ್ಶನವು ಶಬ್ದವನ್ನು ಪ್ರತ್ಯಕ್ಷಾದಿಗಳ ಜೊತೆಗೆ ನಾಲ್ಕನೆಯ ಪ್ರಮಾಣವೆಂದು ಒಪ್ಪುತ್ತದೆ. ಆದರೆ ಕೇಳಿಬಂದದ್ದೆಲ್ಲ ಪ್ರಮಾಣವಲ್ಲ. ಆಪ್ತನ ಮಾತು ಮಾತ್ರ. ಆಪ್ತನಾರು? ವಸ್ತುವನ್ನು ತಾನೇ ಸಾಕ್ಷಾತ್ತಾಗಿ ಅರಿತು, ಅರಿತಂತೆ ಹೇಳಬೇಕೆಂಬ ಇಚ್ಛೆಯುಳ್ಳವನು. ಭಾಷ್ಯಕಾರನಾದ ವಾತ್ಸ್ಯಾಯನನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಹೇಳಿದ್ದಾನೆ. ಕುಲದ, ಉಚ್ಚಾರಣೆಯ ಮಾತೇ ಇಲ್ಲ. ಹಾಗಿರುವಲ್ಲಿ ಕಾವಲಿನ ವಿಷಯದಲ್ಲಿ ಆಪ್ತನು ಯಾರು? ಬೆಂಗಳೂರಿನ ಕೊಠಡಿಯಲ್ಲಿ ಕುಳಿತು ಕಾಗದ ಓದಿದ ಗಂಭೀರಕಂಠದವರೊ? ಕಾವಲಿನಲ್ಲಿಯೇ ಕೂದಲು ನರೆತವನೊ?

ನನ್ನ ತಪ್ಪನ್ನೂ ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ಹಟ್ಟಿಗಳಿಂದ ಬರುತ್ತಿದ್ದ ಹುಡುಗರು ‘ಹುಲ್ಲು’ ಎನ್ನಲಾರದೆ ‘ಉಲ್ಲು’ ಎಂದಾಗ ಅವರ ಕಿವಿ ಹಿಂಡಿದವನು ನಾನು. ಆ ಹುಡುಗರು ಕರಡ, ಹಂಚಿ, ಗರಿಕೆ ಎಂದು ಹುಲ್ಲಿನ ಹತ್ತಾರು ಜಾತಿಗಳನ್ನು ಬಲ್ಲವರು. ನಾನು ಬಲ್ಲದ್ದು ಹಕಾರವೊಂದನ್ನು. ನಿವೃತ್ತನಾದ ಮೇಲೆ ಒಂದು ಬೇಸಗೆಯಲ್ಲಿ ಕಾವಲಿನ ಅಂಚಿನಲ್ಲಿ ಒಬ್ಬ ಮುದುಕ ಸಿಕ್ಕಿದನು. ಹೆಗಲ ಮೇಲೆ ಕರಿಯ ಕಂಬಳಿ. “ಈ ವರ್ಷ ಹುಲ್ಲೇ ಇಲ್ಲವಲ್ಲಪ್ಪ” ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇಲ್ಲ ಅಂತ ಯಾರೇಳಿದ್ರು ಸಾಮಿ? ಉಲ್ಲು ಮಲಗೈತೆ” ಎಂದನು. ಮಳೆ ಬಿದ್ದ ಹತ್ತು ದಿನಕ್ಕೆ ನೆಲದೊಳಗಿನ ಬೇರು ಚಿಗುರಿ ಎದ್ದದ್ದನ್ನು ನಾನೇ ಹೋಗಿ ನೋಡಿದೆ. ಸಸ್ಯಶಾಸ್ತ್ರದ ಒಂದು ಅಧ್ಯಾಯ ಅವನ ಎರಡು ಶಬ್ದಗಳಲ್ಲಿತ್ತು. ಅದನ್ನು ‘ತೃಣವು ಸುಪ್ತಾವಸ್ಥೆಯಲ್ಲಿದೆ’ ಎಂದು ನಿರೂಪಕರಿಂದ ಹೇಳಿಸಿದರೆ ಶುದ್ಧವಾಗುತ್ತದೆ ನಿಜ. ಆದರೆ ಅದನ್ನು ನಂಬುವವರು ಯಾರು?

ಮಾಲಿಕೆಯಲ್ಲಿ ರಾಜಕೀಯ ಬರಬಾರದು, ಪ್ರಕೃತಿಸೌಂದರ್ಯವೊಂದೇ ಸಾಕು ಎನ್ನುವವರೂ ಇದ್ದಾರೆ. ಆ ಎಂಟು ಸಾವಿರಕ್ಕೂ ಮಿಕ್ಕ ಎಕರೆಯ ಸುತ್ತ ಎದ್ದ ಗೋಡೆಯನ್ನು ಬಿಟ್ಟು ಸೌಂದರ್ಯವನ್ನು ಎಲ್ಲಿ ನಿಂತು ಕೇಳುವುದೋ ಅವರೇ ಹೇಳಬೇಕು. ಗೋಡೆಯೊಳಗಿನ ವಿಜ್ಞಾನಿಯೂ ಮಾತನಾಡಲಿ, ಕಂದಾಯದ ಅಧಿಕಾರಿಯೂ ಮಾತನಾಡಲಿ, ನಾನು ಬೇಡವೆನ್ನುವುದಿಲ್ಲ. ಅವರೂ ತಮ್ಮ ತಮ್ಮ ವಿಷಯದಲ್ಲಿ ಆಪ್ತರೇ. ಹಂಚಿಕೆಯ ಆದೇಶವನ್ನು ಇದ್ದಂತೆಯೇ ಗಟ್ಟಿಯಾಗಿ ಓದಿಸಲಿ. ಅದಾದ ಮೇಲೆ ಕಂಬಳಿಯ ಮಗ್ಗದ ಸದ್ದನ್ನು ಕೇಳಿಸಲಿ. ಹುಲ್ಲು ಹೋದರೆ ಕುರಿ, ಕುರಿ ಹೋದರೆ ಉಣ್ಣೆ, ಉಣ್ಣೆ ಹೋದರೆ ಹುಣಿಸೆಬೀಜದ ಸರಿಯನ್ನು ಹಚ್ಚಿ ನೂಲನ್ನು ಬಿಗಿಮಾಡುವ ಆ ಕೈಗಳಿಗೆ ಕೆಲಸವಿಲ್ಲ.

ತರುಣರಿಗೆ ಯಂತ್ರದ ವಿಷಯದಲ್ಲಿ ನಾನು ಹೇಳುವುದು ಅಲ್ಪ. ಬಯಲಿನ ಗಾಳಿ ಮೈಕಿಗೆ ಶತ್ರುವೆಂದು ಬಲ್ಲೆ; ಅದಕ್ಕೆ ತುಪ್ಪುಳದ ಹೊದಿಕೆ ಸಿಕ್ಕುತ್ತದೆ. ಗಾಳಿಯನ್ನು ತಗ್ಗಿಸಿರಿ, ಪೂರ್ತಿ ಅಳಿಸಬೇಡಿರಿ. ಅದೂ ಅಲ್ಲಿಯ ನಿವಾಸಿ. ಹೋದೊಡನೆ ಪ್ರಶ್ನೆ ಕೇಳದೆ ಒಂದು ದಿನ ಸುಮ್ಮನೆ ಮಂದೆಯ ಹಿಂದೆ ನಡೆಯಿರಿ. ಮುದ್ರಿಸಿದ್ದನ್ನು ಮೊದಲು ಮಾತನಾಡಿದವರಿಗೆ ಕೇಳಿಸಿ, ಅವರು ಒಪ್ಪಿದ ಮೇಲೆ ನಮಗೆ ಕೇಳಿಸಿರಿ.

ಈಗಿನ ಮೊದಲ ಕಂತನ್ನು ಹಿಂದಕ್ಕೆ ಪಡೆದು ಹೊಸದಾಗಿ ಮಾಡಬೇಕೆಂದು ಮುಂದಿನ ಸಭೆಯಲ್ಲಿ ಸೂಚನೆ ಮಂಡಿಸಲಿದ್ದೇನೆ. ಬಿಟ್ಟುಬಿಟ್ಟ ಆ ಇಬ್ಬರು ಕುರಿಗಾರರ ಮುದ್ರಣ ಇನ್ನೂ ಅಳಿದಿಲ್ಲವೆಂದು ಹುಡುಗ ಹೇಳಿದ್ದಾನೆ. ಅದನ್ನು ಸಭೆಯಲ್ಲಿ ಮೊದಲು ಕೇಳಿಸಲಿ. ಚಪ್ಪಾಳೆಯ ಮಾತು ಆಮೇಲೆ.