ಒಬ್ಬರ ಹೆಸರಿನ ಯಂತ್ರ

35 ವರ್ಷ ಬ್ಯಾಂಕಿನಲ್ಲಿ ದುಡಿದವನಿಗೆ ನಿವೃತ್ತಿಯ ದಿನ ಗಂಧದ ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ ದೊರೆಯುವುದು ವಾಡಿಕೆ. ನನಗೂ ದೊರೆತವು. ಅವುಗಳ ಜೊತೆಗೆ ನನಗೆ ನಾನೇ ಒಂದು ಉಡುಗೊರೆ ಕೊಟ್ಟುಕೊಂಡೆನು: ಎರಡು ಬಾಯ್ಲರುಗಳುಳ್ಳ, ಸುಮಾರು 25 ಕಿಲೋ ತೂಗುವ ಎಸ್ಪ್ರೆಸೊ ಯಂತ್ರ. ಇನ್ನು ಓಡಿ ಹಿಡಿಯಬೇಕಾದ ಬಸ್ಸಿಲ್ಲ. ಕಾಫಿಯನ್ನಾದರೂ ಶಾಸ್ತ್ರೋಕ್ತವಾಗಿ ಮಾಡೋಣವೆಂಬುದು ನನ್ನ ವಾದ.

ಮನೆಯಲ್ಲಿ ಫಿಲ್ಟರ್ ಇರಲಿಲ್ಲವೇ ಎಂದು ವಾಚಕರು ಕೇಳಬಹುದು. ಇದೆ, ಬೆಳಗಿನ ಕಾಫಿ ಇಂದಿಗೂ ಅದರದೇ. ಆದರೆ ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದಲೇ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಎಸ್ಪ್ರೆಸೊದ ರೀತಿಯೇ ಬೇರೆ. 90ರಿಂದ 96 ಡಿಗ್ರಿ ಕಾವಿನ ನೀರು ವಾಯುಮಂಡಲದ ಸುಮಾರು 9 ಪಟ್ಟು ಒತ್ತಡದಲ್ಲಿ ನುಣ್ಣನೆಯ ಪುಡಿಯೊಳಗಿಂದ 25-30 ಸೆಕೆಂಡುಗಳಲ್ಲಿ ನುಗ್ಗಿ ಬರುತ್ತದೆ. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಎಂಬಾತ ಇಂಥ ಯಂತ್ರಕ್ಕೆ ಪೇಟೆಂಟ್ ಕೋರಿದನು. ಅದು ಆವಿಯ ಬಲವನ್ನು ನೆಚ್ಚಿತ್ತು. ಎರಡನೆಯ ಮಹಾಯುದ್ಧದ ತರುವಾಯ ಅದೇ ಊರಿನ ಅಕಿಲ್ಲೆ ಗಾಜ್ಜಾ ಸನ್ನೆಯ ಹಿಡಿಯಿಂದ ಒತ್ತಡವನ್ನು ಹೆಚ್ಚಿಸಿದ ಮೇಲೆಯೇ ಬಟ್ಟಲಿನ ಮೇಲೆ ಆ ಕಂದು ಬಣ್ಣದ ದಟ್ಟ ನೊರೆ ಕಾಣಿಸಿಕೊಂಡಿತು. ನನ್ನ ಹುಚ್ಚೆಲ್ಲ ಆ ನೊರೆಯ ಮೇಲೆ. ನನ್ನ ಮಡದಿಗೂ ಮಧ್ಯಾಹ್ನ ಮೂರೂವರೆಯ ಆ ಬಟ್ಟಲು ಬಲು ಪ್ರಿಯವಾಯಿತು.

ಆದರೆ ಅದರ ಪೂಜಾವಿಧಿ ದೊಡ್ಡದು. ಅರ್ಧ ಗಂಟೆ ಮುಂಚೆ ಸ್ವಿಚ್ಚು ಹಾಕಬೇಕು. ಬೀಜವನ್ನು 18 ಗ್ರಾಂ ತೂಗಬೇಕು, ಆಗಲೇ ಪುಡಿ ಮಾಡಬೇಕು, ಸಮನಾಗಿ ಒತ್ತಬೇಕು. ಮಳೆ ಬಂದು ಹವೆ ಬದಲಾದರೆ ಪುಡಿಯ ನಯವನ್ನೂ ಬದಲಿಸಬೇಕು. ನಮ್ಮ ಬಡಾವಣೆಯ ಕೊಳವೆ ಬಾವಿಯ ಗಡಸು ನೀರು ಬಾಯ್ಲರಿನೊಳಗೆ ಸುಣ್ಣ ಕಟ್ಟುತ್ತದೆಯಾದ್ದರಿಂದ ಕುಡಿಯುವ ನೀರನ್ನೇ ಅಳೆದು ತುಂಬಬೇಕು. ಇದೆಲ್ಲವನ್ನೂ ಬಲ್ಲವನು ಮನೆಯಲ್ಲಿ ನಾನೊಬ್ಬನೇ. ಅದು ನನಗೆ ಹೆಮ್ಮೆಯ ವಿಷಯವಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಕಳೆದ ಮಳೆಗಾಲದಲ್ಲಿ ಬಚ್ಚಲಿನಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಆರು ವಾರ ಪಟ್ಟಿ. ಯಂತ್ರಕ್ಕೆ ಬಟ್ಟೆ ಹೊದಿಸಿದ್ದಾಯಿತು. ಮೂರನೆಯ ವಾರವೋ ಏನೋ, ಮಧ್ಯಾಹ್ನ ಅಡಿಗೆಮನೆಗೆ ಹೋದೆನು. ಆಕೆ ಬೆಳಗಿನ ಡಿಕಾಕ್ಷನ್ನಿನ ಉಳಿದರ್ಧವನ್ನು ಬಿಸಿ ಹಾಲಿಗೆ ಬೆರೆಸಿ, ನಿಂತೇ ಕುಡಿಯುತ್ತಿದ್ದಳು.

“ಆ ಯಂತ್ರದಲ್ಲೇ ಮಾಡಿಕೊಳ್ಳಬಾರದಿತ್ತೇ?” ಎಂದೆನು.

“ನಿಮ್ಮ ಯಂತ್ರ ಅಲ್ವೇ ಅದು? ನನಗೆಲ್ಲಿ ಗೊತ್ತಾಗತ್ತೆ?” ಎಂದಳು. ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಎಷ್ಟೋ ದಂಪತಿಗಳಿಗೆ ನಾನು ಬುದ್ಧಿ ಹೇಳಿದ್ದುಂಟು: “ಖಾತೆಯನ್ನು ಒಬ್ಬರ ಹೆಸರಿನಲ್ಲಿ ಇಡಬೇಡಿ, ಐದರ್ ಆರ್ ಸರ್ವೈವರ್ ಎಂದು ಬರೆಸಿ.” ಇಬ್ಬರಲ್ಲಿ ಯಾರಾದರೊಬ್ಬರು, ಅಥವಾ ಉಳಿದವರು ಎಂದು ಅರ್ಥ. ಊರಿಗೆಲ್ಲ ಇದನ್ನು ಉಪದೇಶಿಸಿದವನು ಮನೆಯ ಕಾಫಿಯನ್ನು ತನ್ನೊಬ್ಬನ ಹೆಸರಿನಲ್ಲಿ ಇಟ್ಟುಕೊಂಡಿದ್ದನು.

ಪಟ್ಟಿ ಬಿಚ್ಚಿಸಿದ ಮೇಲೆ ಇಬ್ಬರೂ ಅಂಗಡಿಗೆ ಹೋದೆವು. ಅಲ್ಲಿನ ಹುಡುಗ ನನ್ನ ಮುಖವನ್ನೇ ನೋಡಿ ವಿವರಿಸತೊಡಗಿದನು. “ಅಮ್ಮನವರಿಗೆ ಹೇಳಪ್ಪ, ನಡೆಸುವವರು ಅವರು,” ಎಂದೆನು.

ಸನ್ನೆಯ ಹಿಡಿಯ ಯಂತ್ರ ನೋಡಲು ಅಂದ. ಅದಕ್ಕೆ ವಿದ್ಯುತ್ತು ಬೇಡ, ಕೆಡುವ ಭಾಗಗಳೂ ಕಡಿಮೆ. ಆದರೆ ಒತ್ತಡವನ್ನೆಲ್ಲ ತೋಳೇ ಕೊಡಬೇಕು. ನಮ್ಮ ನಾಲ್ಕು ತೋಳುಗಳಲ್ಲಿ ಒಂದೂ ಅದಕ್ಕೆ ಒಪ್ಪಲಿಲ್ಲ. ಪುಡಿ ತುಂಬಿದ ಪುಟ್ಟ ಡಬ್ಬಿಗಳನ್ನು ನುಂಗುವ ಯಂತ್ರ ಎಲ್ಲಕ್ಕಿಂತ ಸುಲಭ. ಆದರೆ ಡಬ್ಬಿ ಮುಗಿದರೆ ಕಾಫಿಯೂ ಮುಗಿಯಿತು, ಬಟ್ಟಲೊಂದರ ಬೆಲೆಯೂ ಏರಿತು. 1933ರಿಂದ ಇಟಲಿಯ ಮನೆಗಳಲ್ಲಿ ಬಂದಿರುವ, ಒಲೆಯ ಮೇಲಿಡುವ ಮೋಕಾ ಪಾತ್ರೆ ಅಗ್ಗ ಮತ್ತು ಗಟ್ಟಿ. ಆದರೆ ಅದರ ಒತ್ತಡ ಒಂದೆರಡು ಪಟ್ಟು ಮಾತ್ರ, ಆ ನೊರೆ ಅದರಲ್ಲಿ ಬಾರದು.

ಕೊನೆಗೆ ಮೂರು ಗುಂಡಿಗಳ ಒಂದು ಸಣ್ಣ ಪಂಪಿನ ಯಂತ್ರ. ಆಕೆ ಪರೀಕ್ಷೆ ನಡೆಸಿದಳು. ಕನ್ನಡಕವಿಲ್ಲದೆ ಗುಂಡಿಗಳು ತಿಳಿಯುತ್ತವೆಯೇ? ತಿಳಿದವು. ಹಿಡಿಕೆಯ ಬಟ್ಟಲು ಒಂದು ಕೈಯಲ್ಲಿ ತಿರುಗಿ ಕೂರುತ್ತದೆಯೇ? ಕೂತಿತು. ತೊಟ್ಟಿಯನ್ನು ಎತ್ತದೆ ಚೊಂಬಿನಿಂದ ನೀರು ಹೊಯ್ಯಬಹುದೇ? ಹೊಯ್ಯಬಹುದು. ಸುಣ್ಣ ಕಟ್ಟಿದಾಗ ಬಿಡಿಸುವ ಕ್ರಮವನ್ನೂ ಹುಡುಗನಿಂದ ಮಾಡಿಸಿ ನೋಡಿದಳು. ಅದರ ಜಾಲರಿಗೆ ಎರಡು ತಳ. ಕೆಳಗಿನದರಲ್ಲಿ ಒಂದೇ ಸಣ್ಣ ರಂಧ್ರ. ಒತ್ತಡವನ್ನು ಅದೇ ಕಾಯ್ದುಕೊಳ್ಳುವುದರಿಂದ ಅಂಗಡಿಯಲ್ಲಿ ಪುಡಿ ಮಾಡಿಸಿದ ಚಿಕ್ಕಮಗಳೂರಿನ ಕಾಫಿಯೂ ನಡೆಯುತ್ತದೆ. ಚಿಕೋರಿ ಮಾತ್ರ ಬೇಡ.

ನಷ್ಟವಿಲ್ಲವೇ? ಉಂಟು. ಆ ಜಾಲರಿಯ ನೊರೆ ಸ್ವಲ್ಪ ತೋರಿಕೆಯದು. ಕಾಫಿ ಇಳಿಸಿದ ಮೇಲೆ ಹಾಲಿಗೆ ಹಬೆ ಬರುವ ತನಕ ಕಾಯಬೇಕು. ನಾಲ್ವರು ನೆಂಟರು ಬಂದರೆ ನಾಲ್ಕನೆಯವರು ಪತ್ರಿಕೆ ಓದುತ್ತಾ ಕುಳಿತಿರಬೇಕು. ಹಳೆಯ ಯಂತ್ರವನ್ನು ಅಕ್ಕನ ಮಗನಿಗೆ ಕೊಟ್ಟೆನು. ಅವನ ಹೆಂಡತಿಗೂ ಕಲಿಸಬೇಕೆಂಬುದೊಂದೇ ಕರಾರು.

ನವೆಂಬರಿನಲ್ಲಿ ಪಿಂಚಣಿಗಾಗಿ ನಾನಿನ್ನೂ ಬದುಕಿದ್ದೇನೆಂದು ಬ್ಯಾಂಕಿನಲ್ಲಿ ತೋರಿಸಿಕೊಂಡು ಹಿಂದಿರುಗುವಷ್ಟರಲ್ಲಿ ನಾಲ್ಕು ಗಂಟೆ ಮೀರಿತ್ತು. ಗೇಟಿನ ಬಳಿಯೇ ಕಾಫಿಯ ಪರಿಮಳ. ಒಳಗೆ ಆಕೆಯೂ ಪಕ್ಕದ ಮನೆಯವರೂ ಖಾಲಿ ಬಟ್ಟಲುಗಳ ಮುಂದೆ ನಗುತ್ತಾ ಕುಳಿತಿದ್ದರು.

“ನನಗಾಗಿ ಕಾಯಲಿಲ್ಲವೇ?” ಎಂದೆನು.

“ಯಾಕ್ರೀ ಕಾಯಬೇಕು?” ಎಂದು ಆಕೆ ನನ್ನ ಬಟ್ಟಲನ್ನು ತರಲು ಎದ್ದಳು.